ಏರಿಯಲ್ಲಿನಿಂದ ಡಿಸ್ಕಿನವರೆಗೆ: ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ದೂರದರ್ಶನದ ಗ್ರಹಣ, ದೋಷ ಮತ್ತು ದಾಖಲೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಆಧಾರಗಳ ಬಡತನವು ಎಂದೂ ಕಾಡಿದುದಿಲ್ಲ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಮತ್ತು ನಾಲ್ಕನೆಯ ಸಂಪುಟಗಳನ್ನು 1894 ಮತ್ತು 1898ರಲ್ಲಿ ಪ್ರಕಟಿಸಿದಂದಿನಿಂದ ಇಲ್ಲಿಯ ಕಲ್ಲುಗಳು ವಿದ್ವಾಂಸರೊಡನೆ ಮಾತನಾಡುತ್ತಲೇ ಇವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಆ ಮಾಲೆಯನ್ನು ಪರಿಷ್ಕರಿಸಿ ಹೊರತಂದಾಗ ಆರನೆಯ ಸಂಪುಟವು ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳಿಗೂ ಏಳನೆಯದು ನಾಗಮಂಗಲವೇ ಮೊದಲಾದ ತಾಲ್ಲೂಕುಗಳಿಗೂ ಮೀಸಲಾದುವು. ಹೊಯ್ಸಳರ ಕಾಲದ ಗೌಡನೊಬ್ಬನು ಕೆರೆಯ ಕೆಳಗೆ ದತ್ತಿಬಿಟ್ಟ ಗದ್ದೆಯ ಎಲ್ಲೆಗಳನ್ನು ನಾವು ಇಂದು ಓದಿ ಹೇಳಬಲ್ಲೆವು. ಆದರೆ ಅದೇ ಊರಿನ ಮನೆಯೊಂದರಲ್ಲಿ ಹತ್ತು ವರ್ಷಗಳ ಹಿಂದೆ ದೂರದರ್ಶನದಿಂದ ಮುದ್ರಿಸಿಟ್ಟುಕೊಂಡ ದೃಶ್ಯವೊಂದು ಏನಾಯಿತೆಂದು ಕೇಳಿದರೆ ಉತ್ತರ ದೊರೆಯುವುದಿಲ್ಲ. ಪ್ರಸ್ತುತ ಲೇಖನದ ವಿಷಯ ಇದೇ. ಏರಿಯಲ್ಲಿನ ತಂತಿ, ಡಬ್ಬಿಯೊಳಗಿನ ತಂತ್ರಾಂಶ, ಅವುಗಳ ಕೀಲು ತಪ್ಪಿದಾಗ ಮಾಡುವ ರಿಪೇರಿ—ಇವು ಚರಿತ್ರೆಯ ವಿಭಾಗಕ್ಕೆ ಸಲ್ಲುವ ವಸ್ತುಗಳೇ ಎಂದು ಕೆಲವರಿಗೆ ಸಂದೇಹ ಬರಬಹುದು. ನಮಗೂ ಮೊದಲು ಆ ಸಂದೇಹವಿದ್ದಿತು. ಅದನ್ನು ಕಳೆದದ್ದು ಒಂದು ಸಣ್ಣ ಪ್ರಸಂಗ.

ನಾಗಮಂಗಲ ತಾಲ್ಲೂಕು ಮುಗಿದು ಕೃಷ್ಣರಾಜಪೇಟೆ ತಾಲ್ಲೂಕು ಮೊದಲಾಗುವ ಎಡೆಯ ಹಳ್ಳಿಯೊಂದರಲ್ಲಿ ನಿವೃತ್ತ ಪ್ರಾಥಮಿಕ ಶಾಲೆಯ ಉಪಾಧ್ಯಾಯರೊಬ್ಬರನ್ನು ನಾವು ಕಂಡೆವು. ಅವರ ತಂದೆ ಪೂಜಾ ಕುಣಿತದ ಮೇಳವೊಂದರ ಹಿರಿಯರು. ಒಂದು ವರ್ಷ ದಸರೆಯ ಸಮಯದಲ್ಲಿ ಆ ಮೇಳದ ಕುಣಿತವು ದೂರದರ್ಶನದಲ್ಲಿ ಕಾಣಿಸಿಕೊಂಡಿತು. ಮಗನು ಅದನ್ನು ಮನೆಯ ಡಿಜಿಟಲ್ ರೆಕಾರ್ಡರಿನಲ್ಲಿ ಮುದ್ರಿಸಿಕೊಂಡರು. ಎರಡು ವರ್ಷಗಳ ತರುವಾಯ ತಂದೆ ತೀರಿಕೊಂಡರು. ಅವರು ಕುಣಿದ ಬೇರೆ ಯಾವ ಚಲಚ್ಚಿತ್ರವೂ ಮನೆಯಲ್ಲಿರಲಿಲ್ಲ. ಮುಂದೊಂದು ಮಳೆಗಾಲದಲ್ಲಿ ಚಿತ್ರವು ಚೌಕಚೌಕವಾಗಿ ಒಡೆಯತೊಡಗಿತು. ಅರ್ಧದಷ್ಟು ವಾಹಿನಿಗಳು ಇಲ್ಲವಾದುವು. ಯಂತ್ರವು ತನಗೆ ತಾನೇ ನಿಂತು ಮತ್ತೆ ಹೊತ್ತಿಕೊಳ್ಳುತ್ತಿದ್ದಿತು. ದೂರವಾಣಿಯಲ್ಲಿ ಸಲಹೆ ಕೇಳಿದರು. ತಂತ್ರಾಂಶ ಕೆಟ್ಟಿದೆ, ಯಂತ್ರವನ್ನು ಮೂಲಸ್ಥಿತಿಗೆ ತಂದು ಡಿಸ್ಕನ್ನು ಹೊಸದಾಗಿ ಸಿದ್ಧಗೊಳಿಸಿಕೊಳ್ಳಿರಿ ಎಂಬ ಉತ್ತರ ಬಂದಿತು. ಅವರು ಹೇಳಿದ ಗುಂಡಿಗಳನ್ನು ಹೇಳಿದ ಕ್ರಮದಲ್ಲಿಯೇ ಒತ್ತಿದರು. ದೋಷವು ಹೋಗಲಿಲ್ಲ, ಮುದ್ರಿಕೆ ಹೋಯಿತು. ಮರುದಿನ ಊರಿನ ಎಲೆಕ್ಟ್ರಿಕಲ್ ಅಂಗಡಿಯ ಹುಡುಗನು ಮಾಳಿಗೆ ಹತ್ತಿ, ಡಿಶ್ಶಿನ ಹಿಂದಿನ ಜೋಡಣೆಯನ್ನು ಬಿಚ್ಚಿ, ಹಸಿರುಗಟ್ಟಿದ ತಾಮ್ರದ ತಂತಿಯನ್ನು ನಾಲ್ಕು ಅಂಗುಲ ಕತ್ತರಿಸಿ ಹೊಸ ಪಿನ್ನು ಹಾಕಿದನು. ಐದು ನಿಮಿಷದಲ್ಲಿ ಎಲ್ಲ ವಾಹಿನಿಗಳೂ ಬಂದುವು. “ಡಬ್ಬಕ್ಕೆ ಏನೂ ಆಗಿರ್ಲಿಲ್ಲ ಮೇಷ್ಟ್ರೇ, ವೈರು ನೀರು ಕುಡ್ದಿತ್ತು ಅಷ್ಟೆ” ಎಂದು ಅವನು ಹೇಳಿದ ಮಾತನ್ನು ಮೇಷ್ಟರು ನಮಗೆ ಎರಡು ಸಲ ಹೇಳಿದರು.

ಏರಿಯಲ್ಲಿನ ರೋಗಕ್ಕೆ ತಂತ್ರಾಂಶದ ಔಷಧವನ್ನು ಕೊಟ್ಟುದರಿಂದ ಒಂದು ಚಾರಿತ್ರಿಕ ದಾಖಲೆ ನಾಶವಾಯಿತು. ಇಂಥ ತಪ್ಪು ಹೇಗೆ ಸಾಧ್ಯವಾಯಿತು? ಮೂವತ್ತು ವರ್ಷಗಳ ಹಿಂದೆ ಇದೇ ಹಳ್ಳಿಯಲ್ಲಿ ಇದು ನಡೆಯುತ್ತಿರಲಿಲ್ಲವೆಂದು ನಮಗೆ ತೋರುತ್ತದೆ. ಅದೇಕೆಂಬುದನ್ನು ಅರಿಯಬೇಕಾದರೆ ಈ ಸೀಮೆಯಲ್ಲಿ ಏರಿಯಲ್ಲು ಬೆಳೆದು ಬಂದ ಬಗೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಈ ಭಾಗಕ್ಕೆ ಬಾನುಲಿಯು ಮೈಸೂರಿನಿಂದ ಬಂದಿತು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರಸಾರ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ ಆಕಾಶವಾಣಿಯೆಂಬ ಹೆಸರು ಸಂದಿತು. ಮುಂದೆ ಅದು ಸಂಸ್ಥಾನದ ಕೈಗೆ ಬಂದು, 1950ರಲ್ಲಿ ಅಖಿಲ ಭಾರತ ಬಾನುಲಿಯಲ್ಲಿ ಸೇರಿ, 1955ರಲ್ಲಿ ಬೆಂಗಳೂರಿಗೆ ವರ್ಗವಾಯಿತು. ಶ್ರೀರಂಗಪಟ್ಟಣಕ್ಕೂ ಮೈಸೂರಿಗೂ ನಡುವೆ ಹದಿನೈದು ಕಿಲೋಮೀಟರುಗಳ ಅಂತರ. ಆ ಕಾಲದ ಏರಿಯಲ್ ಎಂದರೆ ಎರಡು ಬಿದಿರುಗಳಿಗೆ ಅಡ್ಡಲಾಗಿ ಕಟ್ಟಿದ ತಾಮ್ರದ ತಂತಿ. ಅದರ ಜೊತೆಗೆ ನೆಲಕ್ಕೆ ಹೂಳಿದ ಇನ್ನೊಂದು. ಬೇಸಗೆಯಲ್ಲಿ ನೆಲ ಒಣಗಿ ಧ್ವನಿ ಕುಂದಿದರೆ ಆ ತಂತಿಯ ಬುಡಕ್ಕೆ ಒಂದು ಬಿಂದಿಗೆ ನೀರು ಹೊಯ್ಯುವುದೇ ದೋಷನಿವಾರಣೆ. ಆಗ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸು ಬೇಕಾಗಿದ್ದಿತು; ಅಂಚೆ ಕಛೇರಿಯಲ್ಲಿ ಹಣ ಕಟ್ಟಬೇಕಾಗಿದ್ದಿತು. ದೂರದರ್ಶನಕ್ಕೂ ಈ ಪದ್ಧತಿ ಮುಂದುವರಿದು 1985ರಲ್ಲಿ ರದ್ದಾಯಿತು. ಜನರಿಗೆ ಅದರಿಂದ ಉಪಕಾರವಾಯಿತೆಂಬುದು ನಿಜ. ಆದರೆ ಯಾವ ಊರಿನಲ್ಲಿ ಎಷ್ಟು ಮನೆಗಳಲ್ಲಿ ಯಂತ್ರವಿದ್ದಿತೆಂದು ತಿಳಿಸುತ್ತಿದ್ದ ದಫ್ತರವೂ ಅಂದಿಗೇ ನಿಂತಿತು.

ಕರ್ನಾಟಕದಲ್ಲಿ ದೂರದರ್ಶನವನ್ನು ಮೊದಲು ಕಂಡವರು ಬೆಂಗಳೂರಿನವರೂ ಅಲ್ಲ, ಮೈಸೂರಿನವರೂ ಅಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಯಿತು. ನಮ್ಮ ರಾಜ್ಯದಲ್ಲಿ ಆ ಭಾಗ್ಯ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ ದೊರೆಯಿತು. ಅಲ್ಲಿಯ ಪಂಚಾಯಿತಿ ಕಟ್ಟಡಗಳ ಬಳಿ ನಿಲ್ಲಿಸಿದ, ಕೋಳಿಬಲೆಯ ತಂತಿಯಿಂದ ಮಾಡಿದ ಮೂರು ಮೀಟರ್ ಅಗಲದ ಬಟ್ಟಲುಗಳು ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಕಡೆಗೆ ಮುಖಮಾಡಿದ್ದುವು. ಹಳೆಯ ಮೈಸೂರಿನ ನೀರಾವರಿ ಸೀಮೆಯು ಈ ವಿಷಯದಲ್ಲಿ ಬಿಸಿಲುಸೀಮೆಗಿಂತ ಹಿಂದೆ ಬಿದ್ದದ್ದು ಸ್ವಾರಸ್ಯದ ಸಂಗತಿ. ನಮ್ಮ ಕಡೆಯವರು ಅದನ್ನು ಒಪ್ಪಿಕೊಳ್ಳುವುದು ಕಡಮೆ.

ಬೆಂಗಳೂರು ದೂರದರ್ಶನ ಕೇಂದ್ರವು 1981ರ ನವೆಂಬರ್ 1ರಂದು ಆರಂಭವಾಯಿತು. ಮರುವರ್ಷ ದೆಹಲಿಯ ಏಷ್ಯನ್ ಕ್ರೀಡೆಗಳ ನಿಮಿತ್ತವಾಗಿ ಬಣ್ಣದ ಪ್ರಸಾರವೂ ಅಲ್ಪಶಕ್ತಿಯ ಮರುಪ್ರಸಾರ ಕೇಂದ್ರಗಳೂ ಬಂದುವು. 1984ರಲ್ಲಿ ಆ ಕೇಂದ್ರಗಳು ದೇಶದಲ್ಲೆಲ್ಲ ಹಬ್ಬಿದುವು. ಇಲ್ಲಿಂದ ಮುಂದೆ ಮಾಳಿಗೆಯ ಏರಿಯಲ್ಲಿನ ಯುಗ. ಅಲ್ಯೂಮಿನಿಯಂ ಕೊಳವೆಗಳನ್ನು ಮೀನಿನ ಮುಳ್ಳಿನಂತೆ ಜೋಡಿಸಿದ ಆ ಏರಿಯಲ್ಲನ್ನು 1926ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾನಿಲಯದಲ್ಲಿ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ ಎಂಬ ವಿದ್ವಾಂಸರು ರೂಪಿಸಿದರು. ಅದರ ಗುಣವೆಂದರೆ ಒಂದು ದಿಕ್ಕಿನಿಂದ ಬಂದುದನ್ನು ಚೆನ್ನಾಗಿ ಹಿಡಿದು ಉಳಿದ ದಿಕ್ಕುಗಳಿಂದ ಬಂದುದನ್ನು ಅಲಕ್ಷಿಸುವುದು. ಆದಕಾರಣ ದಿಕ್ಕು ಮುಖ್ಯ. ದೂರದರ್ಶನದ ಅಲೆಗಳು ಬಹುಮಟ್ಟಿಗೆ ನೆಟ್ಟ ನೋಟದಂತೆ ಸಾಗುತ್ತವೆ. ಸಮತಟ್ಟಾದ ನೆಲದಲ್ಲಿ 100 ಮೀಟರ್ ಎತ್ತರದ ಗೋಪುರದಿಂದ ಹೊರಟ ಅಲೆಗಳು 10 ಮೀಟರ್ ಎತ್ತರದ ಏರಿಯಲ್ಲನ್ನು ಸುಮಾರು 54 ಕಿಲೋಮೀಟರ್‌ವರೆಗೆ ಮಾತ್ರ ಚೆನ್ನಾಗಿ ಮುಟ್ಟಬಲ್ಲುವು. ಅದರಾಚೆ ಭೂಮಿಯ ಉಬ್ಬೇ ಅಡ್ಡವಾಗುತ್ತದೆ. ಬೆಂಗಳೂರಿನಿಂದ ನೂರಿಪ್ಪತ್ತು ಕಿಲೋಮೀಟರ್ ದೂರದ ಮನೆಗಳು ಕೇಂದ್ರವನ್ನು ನೇರವಾಗಿ ಹಿಡಿಯಬೇಕಾದರೆ ಕಂಬವನ್ನು ಎತ್ತರಿಸಬೇಕು, ‘ಬೂಸ್ಟರ್’ ಸೇರಿಸಬೇಕು, ಕೊನೆಗೆ ದೈವದ ಮೇಲೆ ಭಾರ ಹಾಕಬೇಕು. ನಾಗಮಂಗಲದ ದಿಬ್ಬಗಳ ಮೇಲಿನ ಊರುಗಳಿಗಿದ್ದ ಅನುಕೂಲ ಕಾವೇರಿಯ ಬಯಲಿನ ಊರುಗಳಿಗಿರಲಿಲ್ಲ. ನೀರು ಬಂದ ಕಡೆಗೆ ಚಿತ್ರವು ಬರಲಿಲ್ಲವೆಂದು ಹೇಳಬಹುದು.

ಆ ದಿನಗಳ ದೋಷನಿವಾರಣೆಯನ್ನು ಕಂಡವರು ಮರೆಯಲಾರರು. ಮನೆಯ ಹುಡುಗನೊಬ್ಬನು ಮಾಳಿಗೆಯ ಮೇಲೆ ಕಂಬ ಹಿಡಿದು ನಿಲ್ಲುವನು. ಇನ್ನೊಬ್ಬರು ಪಡಸಾಲೆಯಲ್ಲಿ ಯಂತ್ರದ ಮುಂದೆ. ಮೂರನೆಯವರು ಬಾಗಿಲಲ್ಲಿ ನಿಂತು ಒಳಗಿನ ಮಾತನ್ನು ಮೇಲಕ್ಕೆ ಕೂಗುವರು. “ಬಂತೇನ್ರೋ?” “ಬಂತು, ಬಂತು... ಹೋಯ್ತು! ಒಸಿ ಇತ್ಲಾಗೆ ತಿರುಗ್ಸಣ್ಣೋ!” 1987ರಲ್ಲಿ ರಾಮಾಯಣ ಧಾರಾವಾಹಿ ಮೊದಲಾದ ಮೇಲೆ ಭಾನುವಾರದ ಬೆಳಗ್ಗೆ ಈ ಕೂಗು ಕೇಳಿಬರದ ಬೀದಿ ವಿರಳವಾಗಿದ್ದಿತು. ಹಾಸ್ಯವನ್ನು ಬದಿಗಿಟ್ಟು ನೋಡಿದರೆ ಇದರಲ್ಲಿ ಒಂದು ಶಾಸ್ತ್ರವೇ ಅಡಗಿದ್ದಿತು. ಅಂದಿನ ದೋಷಗಳು ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದುವು. ಚಿತ್ರದ ಮೇಲೆ ಬಿಳಿಯ ಚುಕ್ಕೆಗಳು ಸುರಿದರೆ ಅಲೆಯ ಬಲ ಸಾಲದು, ಕಂಬ ಎತ್ತರಿಸಬೇಕು. ಒಬ್ಬ ಮನುಷ್ಯನ ಪಕ್ಕದಲ್ಲಿ ಅವನದೇ ಛಾಯೆ ನಿಂತರೆ ಅದೇ ಅಲೆಯು ಯಾವುದೋ ಬೆಟ್ಟಕ್ಕೆ ಬಡಿದು ತಡವಾಗಿ ಬರುತ್ತಿದೆ, ದಿಕ್ಕು ಬದಲಿಸಬೇಕು. ಛಾಯೆಯ ದೂರವನ್ನು ಅಳೆದರೆ ಬೆಟ್ಟದ ಬಳಸು ಹಾದಿಯನ್ನೂ ಹೇಳಬಹುದಾಗಿದ್ದಿತು: ಅಲೆಯು 300 ಮೀಟರ್ ಹೆಚ್ಚು ಸುತ್ತಿ ಬಂದರೆ ಒಂದು ಮೈಕ್ರೋಸೆಕೆಂಡು ತಡ, 625 ಗೆರೆಗಳ ಪದ್ಧತಿಯಲ್ಲಿ ಕಾಣುವ ಒಂದೊಂದು ಗೆರೆಯ ಅವಧಿ 52 ಮೈಕ್ರೋಸೆಕೆಂಡು, ಆದುದರಿಂದ ಅರ್ಧ ಮೀಟರ್ ಅಗಲದ ಪರದೆಯ ಮೇಲೆ ಛಾಯೆಯು ಸುಮಾರು ಒಂದು ಸೆಂಟಿಮೀಟರ್ ಸರಿದು ನಿಲ್ಲುತ್ತದೆ. ಕರಿಘಟ್ಟದ ಬುಡದಲ್ಲಿಯೋ ಕುಂತಿಬೆಟ್ಟದ ಮಗ್ಗುಲಲ್ಲಿಯೋ ವಾಸಿಸುವ ಹುಡುಗನಿಗೆ ಈ ಗಣಿತ ತಿಳಿಯದಿದ್ದರೂ ಅದರ ಫಲ ಕೈಯಲ್ಲಿದ್ದಿತು. ದೋಷವು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುತ್ತಿದ್ದಿತು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದಿತು. ಏರಿಯಲ್ಲಿನ ದೋಷವನ್ನು ಯಂತ್ರದ ದೋಷವೆಂದು ಭ್ರಮಿಸಲು ಅಲ್ಲಿ ಎಡೆಯಿರಲಿಲ್ಲ.

ಇದೇ ಕಾಲದಲ್ಲಿ ವಿಡಿಯೊ ಕ್ಯಾಸೆಟ್ ಯಂತ್ರವೂ ಬಂದಿತು. ಜಪಾನಿನಲ್ಲಿ 1976ರಲ್ಲಿ ಹೊರಬಂದ ವಿ.ಎಚ್.ಎಸ್. ಪದ್ಧತಿಯ ಯಂತ್ರಗಳು ನಮ್ಮ ಹಳ್ಳಿಗಳಿಗೆ ಬಾಡಿಗೆಯ ರೂಪದಲ್ಲಿ ಬಂದು, ಹಬ್ಬದ ರಾತ್ರಿಗಳಲ್ಲಿ ಸಿನಿಮಾ ತೋರಿಸಿ, ಬೆಳಗಾಗುವುದರೊಳಗೆ ಹಿಂದಿರುಗುತ್ತಿದ್ದುವು. ಮದುವೆಗಳನ್ನು ಕ್ಯಾಸೆಟ್ಟಿನಲ್ಲಿ ಹಿಡಿಯುವ ರೂಢಿಯೂ ಬೆಳೆಯಿತು. ಚರಿತ್ರಕಾರನ ದೃಷ್ಟಿಯಿಂದ ಕ್ಯಾಸೆಟ್ಟಿನ ಒಂದು ಗುಣವನ್ನು ಇಲ್ಲಿ ಗುರುತಿಸಬೇಕು: ಯಾವ ಯಂತ್ರದಲ್ಲಿ ಮುದ್ರಿಸಿದರೂ ಅದೇ ಪದ್ಧತಿಯ ಇನ್ನಾವ ಯಂತ್ರದಲ್ಲಿಯೂ ಅದನ್ನು ಓಡಿಸಬಹುದು. ಬೂಷ್ಟು ಹಿಡಿದರೂ, ಅಂಚು ಸುಕ್ಕಾದರೂ ಏನೋ ಒಂದಿಷ್ಟು ಉಳಿಯುತ್ತದೆ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದಾಗ, ಜನಪದ ಕಲಾವಿದರ ಹಾಡು ಕುಣಿತಗಳನ್ನು ಧ್ವನಿ ಮತ್ತು ದೃಶ್ಯ ಸುರುಳಿಗಳಲ್ಲಿ ಹಿಡಿದಿಡುವ ಕೆಲಸಕ್ಕೆ ಮಹತ್ವ ಕೊಟ್ಟರು. ಮೇಷ್ಟರ ತಂದೆಯ ಕುಣಿತವು ಅಂಥ ಒಂದು ಸುರುಳಿಯಲ್ಲಿ ಸಿಕ್ಕಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ.

ತೊಂಬತ್ತರ ದಶಕದ ಕೇಬಲ್ ಜಾಲವನ್ನು ನಾವು ಬೇಗ ದಾಟಬಹುದು. 1994ರಲ್ಲಿ ಉದಯ ವಾಹಿನಿ ಬಂದ ಮೇಲೆ ಪೇಟೆಗಳ ಮಾಳಿಗೆಯ ಏರಿಯಲ್ಲುಗಳು ಬಟ್ಟೆ ಒಣಹಾಕುವ ಕಂಬಗಳಾದುವು. ದೋಷನಿವಾರಣೆ ಮನೆಯವರ ಕೈಬಿಟ್ಟು ಕೇಬಲ್ಲಿನವನ ಕೈಗೆ ಹೋಯಿತು. ಆದರೆ ಆತನು ಅದೇ ಊರಿನವನು. ಹಬ್ಬದ ದಿನ ಚಿತ್ರ ನಿಂತರೆ ಸಂಜೆಗೆ ಸಂತೆಯಲ್ಲಿ ಕೈಗೆ ಸಿಕ್ಕುವವನು. 2011ರಲ್ಲಿ ಕೇಬಲ್ ಕಾಯಿದೆಗೆ ಆದ ತಿದ್ದುಪಡಿಯ ಮೇರೆಗೆ ಡಿಜಿಟಲ್ ಡಬ್ಬಿ ಕಡ್ಡಾಯವಾಯಿತು: ಬೆಂಗಳೂರು, ಮೈಸೂರುಗಳು ಎರಡನೆಯ ಹಂತದಲ್ಲಿ, 2013ರ ಮಾರ್ಚ್ 31ರ ಗಡುವಿಗೆ ಸೇರಿದುವು. ಉಳಿದ ಪೇಟೆಗಳಿಗೂ ಹಳ್ಳಿಗಳಿಗೂ ಅನಂತರದ ಹಂತಗಳು. ಕೊನೆಯ ಗಡುವು 2017ರ ಮಾರ್ಚ್ 31.

ಈ ತಾಲ್ಲೂಕುಗಳ ಬಿಡಿಮನೆಗಳಿಗೆ ನಿಜವಾದ ಬದಲಾವಣೆಯನ್ನು ತಂದದ್ದು ಕೇಬಲ್ಲಲ್ಲ, ಡಿಶ್ಶು. 2004ರ ಡಿಸೆಂಬರಿನಲ್ಲಿ ಆರಂಭವಾದ ದೂರದರ್ಶನದ ಉಚಿತ ಸೇವೆಯೂ ಹಿಂದುಮುಂದಾಗಿ ಬಂದ ಖಾಸಗಿ ಸೇವೆಗಳೂ ತೋಟದ ಮನೆಗಳನ್ನು ಮುಟ್ಟಿದುವು. ಏರಿಯಲ್ಲು ಈಗ ಬೆಂಗಳೂರನ್ನೂ ನೋಡದು, ಮೈಸೂರನ್ನೂ ನೋಡದು. ಉಚಿತ ಸೇವೆಯ ಉಪಗ್ರಹವು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಈ ನಾಲ್ಕು ತಾಲ್ಲೂಕುಗಳಿಂದ ನೋಡಿದರೆ ಅದು ಆಗ್ನೇಯಕ್ಕೆ, ದಿಗಂತದಿಂದ ಸುಮಾರು 65 ಡಿಗ್ರಿ ಮೇಲೆ ನಿಲ್ಲುತ್ತದೆ. ಇಷ್ಟು ಎತ್ತರದಲ್ಲಿರುವುದರಿಂದ ದೂರದ ಬೆಟ್ಟಗಳು ಅದಕ್ಕೆ ಅಡ್ಡಬರುವುದಿಲ್ಲ. ಅಡ್ಡಬರುವುದು ಹತ್ತಿರದ ತೆಂಗಿನ ಗರಿ. ಡಿಶ್ಶು ಹಾಕಿದಾಗ ಎದೆಯೆತ್ತರವಿದ್ದ ಸಸಿಯು ಹತ್ತು ವರ್ಷಕ್ಕೆ ಮರವಾಗಿ, ಮಳೆಯಲ್ಲಿ ತೊಯ್ದ ಗರಿಯನ್ನು ಅಲೆಗಳ ಹಾದಿಗೆ ಚಾಚುವುದುಂಟು. ಇನ್ನೊಂದು ವಿಶೇಷವನ್ನು ಹೇಳದೆ ಬಿಡಲಾಗದು. ಈ ಉಪಗ್ರಹಗಳನ್ನು ಅವುಗಳ ನೆಲೆಯಲ್ಲಿ ಕದಲದಂತೆ ಹಿಡಿದಿಡುವ ಪ್ರಧಾನ ನಿಯಂತ್ರಣ ಕೇಂದ್ರವು 1982ರಿಂದ ಹಾಸನದಲ್ಲಿದೆ. ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಗೆ ಹಾಸನ ಜಿಲ್ಲೆಯು ನೆರೆಯದು. ಆಕಾಶದಲ್ಲಿ ಡಿಶ್ಶಿನ ಗುರಿಯನ್ನು ಕಾಯುತ್ತಿರುವವರು ಪಕ್ಕದ ಜಿಲ್ಲೆಯಲ್ಲಿದ್ದಾರೆಂಬುದು ಇಲ್ಲಿಯ ಎಷ್ಟೋ ಮನೆಗಳಿಗೆ ತಿಳಿಯದು.

2010ರ ಜುಲೈಯಲ್ಲಿ ಆ ಗುರಿಯೇ ತಪ್ಪಿದ ಪ್ರಸಂಗವೊಂದು ಒದಗಿತು. ಆಗ 93.5 ಡಿಗ್ರಿಯಲ್ಲಿದ್ದ ಇನ್ಸಾಟ್-4ಬಿ ಉಪಗ್ರಹದ ಸೌರಫಲಕಗಳಲ್ಲಿ ಒಂದರ ವಿದ್ಯುತ್ತಿಗೆ ಅಡಚಣೆಯುಂಟಾಗಿ ಅದರ ಪ್ರೇಷಕಗಳಲ್ಲಿ ಅರ್ಧದಷ್ಟನ್ನು ನಿಲ್ಲಿಸಬೇಕಾಯಿತು. ದಕ್ಷಿಣದಲ್ಲಿ ಬಳಕೆಯಲ್ಲಿದ್ದ ಸೇವೆಯೊಂದು 91.5 ಡಿಗ್ರಿಯಲ್ಲಿದ್ದ ಮಲೇಷಿಯದ ಉಪಗ್ರಹಕ್ಕೆ ಹೋಗಬೇಕಾಯಿತು. ನಕ್ಷೆಯ ಮೇಲೆ ಎರಡೇ ಡಿಗ್ರಿಗಳ ವ್ಯತ್ಯಾಸ. ಆದರೆ ನಮ್ಮ ಅಕ್ಷಾಂಶದಲ್ಲಿ ಡಿಶ್ಶನ್ನು ಸುಮಾರು ನಾಲ್ಕು ಡಿಗ್ರಿ ದಕ್ಷಿಣಕ್ಕೆ ತಿರುಗಿಸಿ, ಎರಡು ಡಿಗ್ರಿ ಮೇಲೆತ್ತಬೇಕು. ಒಂದು ಡಿಗ್ರಿ ತಪ್ಪಿದರೂ ಕೆಡುವ ಕೆಲಸವಿದು. ಮನೆಯ ಯಂತ್ರವೂ ಸರಿ, ತಂತಿಯೂ ಸರಿ, ತಂತ್ರಾಂಶವೂ ಸರಿ. ದೋಷವಿದ್ದುದು 36,000 ಕಿಲೋಮೀಟರ್ ಮೇಲೆ. ಡಬ್ಬಿಯನ್ನು ಎಷ್ಟು ಸಲ ಮೂಲಸ್ಥಿತಿಗೆ ತಂದರೂ ಫಲವೇನು?

ಇಲ್ಲಿಯೇ ಡಿಜಿಟಲ್ ಪದ್ಧತಿಯ ಮುಖ್ಯ ಲಕ್ಷಣ ಗೋಚರವಾಗುತ್ತದೆ. ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ವಿಧಾನವೊಂದರ ಬಲದಿಂದ, ದಾರಿಯಲ್ಲಿ ಕೆಟ್ಟ ಅಂಕಿಗಳನ್ನು ಗ್ರಾಹಕವು ತಾನೇ ತಿದ್ದಿಕೊಳ್ಳುತ್ತದೆ. ಡಿಶ್ಶಿನ ಪ್ರಸಾರದಲ್ಲಿ 204 ಬೈಟುಗಳ ಒಂದೊಂದು ಪೊಟ್ಟಣದಲ್ಲಿ ಎಂಟು ಬೈಟುಗಳವರೆಗಿನ ತಪ್ಪನ್ನು ಹೀಗೆ ಸರಿಪಡಿಸಬಹುದು. ಅಲ್ಲಿಯವರೆಗೆ ಚಿತ್ರವು ನಿರ್ಮಲ. ಒಂಬತ್ತನೆಯ ಬೈಟು ಕೆಟ್ಟೊಡನೆ ಚಿತ್ರ ಒಡೆಯುತ್ತದೆ. ಹಿಂದಿನ ಮೆಟ್ಟಿಲುಗಳು ಹೋಗಿ ಬಂಡೆಯ ಅಂಚು ಬಂದಿದೆ. ತಂತಿಗೆ ತುಕ್ಕು ಹಿಡಿಯುತ್ತಿರುವುದು ಆರು ತಿಂಗಳು ಯಾರಿಗೂ ಕಾಣಿಸದು. ಒಂದು ಮಳೆಯ ದಿನ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ. ಆ ದಿನ ಯಂತ್ರದ ತಂತ್ರಾಂಶವೂ ಹೊಸದಾಗಿ ಇಳಿದಿದ್ದರೆ ಅಪವಾದವು ಅದರ ಮೇಲೆ ಬೀಳುವುದು ಸಹಜ.

ಇದಕ್ಕಿಂತ ತೊಡಕಾದ ಸಂಗತಿಯೆಂದರೆ ಒಂದರ ದೋಷವು ಇನ್ನೊಂದರ ವೇಷವನ್ನು ಧರಿಸುವುದು. ಡಿಶ್ಶಿನ ಮುಂದಿನ ಕೊಂಬಿನಂಥ ಎಲ್.ಎನ್.ಬಿ.ಗೆ ಡಬ್ಬಿಯು ತಂತಿಯ ಮೂಲಕವೇ ವಿದ್ಯುತ್ತನ್ನು ಕಳುಹಿಸುತ್ತದೆ. 13 ವೋಲ್ಟು ಬಂದರೆ ಅದು ಒಂದು ಬಗೆಯ ಅಲೆಗಳನ್ನು, 18 ವೋಲ್ಟು ಬಂದರೆ ಇನ್ನೊಂದು ಬಗೆಯವನ್ನು ಆರಿಸಿಕೊಳ್ಳುತ್ತದೆ. ಜೋಡಣೆಯಲ್ಲಿ ನೀರು ಸೇರಿ 18 ವೋಲ್ಟು ದಾರಿಯಲ್ಲಿ ಕುಂದಿದರೆ ಎರಡನೆಯ ಬಗೆಯ ವಾಹಿನಿಗಳಷ್ಟೇ ಕಾಣೆಯಾಗುತ್ತವೆ. ನೋಡುವವರಿಗೆ ಇದು ಚಂದಾ ಮುಗಿದಂತೆಯೋ ತಂತ್ರಾಂಶವು ವಾಹಿನಿಗಳನ್ನು ನುಂಗಿದಂತೆಯೋ ತೋರುತ್ತದೆ. ತಂತಿಯ ಹೊರಹೆಣಿಗೆಯ ಒಂದೇ ಒಂದು ಎಳೆ ಒಳತಂತಿಗೆ ತಗುಲಿದರೆ ಡಬ್ಬಿಯ ಮೇಲೆ ಹೊರೆ ಬಿದ್ದು ಅದು ನಿಂತು ನಿಂತು ಹೊತ್ತಿಕೊಳ್ಳಬಹುದು. ಇದೂ ತಂತ್ರಾಂಶದ ರೋಗದಂತೆಯೇ ಕಾಣುತ್ತದೆ. ಮೇಷ್ಟರ ಮನೆಯಲ್ಲಿ ಈ ಎರಡು ಲಕ್ಷಣಗಳೂ ಕೂಡಿಕೊಂಡಿದ್ದುವು. ಇದರ ವಿಪರ್ಯಾಯವೂ ಉಂಟು. ಎಲ್.ಎನ್.ಬಿ.ಯ ಆವರ್ತಸಂಖ್ಯೆಯನ್ನು ಡಬ್ಬಿಯಲ್ಲಿ ತಪ್ಪಾಗಿ ನಮೂದಿಸಿದರೆ ಡಿಶ್ಶು ಸರಿಯಾಗಿದ್ದರೂ ಏನೂ ಬಾರದು. ಮನೆಯವರು ಮಾಳಿಗೆ ಹತ್ತಿ ಚೆನ್ನಾಗಿದ್ದ ಡಿಶ್ಶನ್ನು ತಿರುಗಿಸಿ ಕೆಡಿಸುವರು. ಉಚಿತ ಸೇವೆಯಲ್ಲಿ ವಾಹಿನಿಗಳ ಸ್ಥಾನಗಳು ಹರಾಜಿನ ಮೇರೆಗೆ ಬದಲಾಗುತ್ತಿರುವುದರಿಂದ, ನಿನ್ನೆ ಇದ್ದ ವಾಹಿನಿ ಇಂದು ಇಲ್ಲದಿದ್ದರೆ ಮತ್ತೊಮ್ಮೆ ಶೋಧಿಸಿದರೆ ಸಾಕು. ವಿಷುವದ ಆಸುಪಾಸಿನಲ್ಲಿ, ಮಾರ್ಚಿಯಲ್ಲೊಮ್ಮೆ ಸೆಪ್ಟೆಂಬರ್–ಅಕ್ಟೋಬರಿನಲ್ಲೊಮ್ಮೆ, ಸೂರ್ಯನು ನೇರವಾಗಿ ಉಪಗ್ರಹದ ಹಿಂದೆ ಬಂದು ಕೆಲವು ದಿನ, ಮಧ್ಯಾಹ್ನಕ್ಕೆ ಮುಂಚೆ, ಕೆಲವು ನಿಮಿಷ ಪ್ರಸಾರವನ್ನು ಮುಳುಗಿಸುವುದೂ ಇದೆ. ಅದಕ್ಕೆ ಪಂಚಾಂಗ ನೋಡಿದರೆ ಸಾಲದೆ ಬೇರೆ ಚಿಕಿತ್ಸೆ ಬೇಕಿಲ್ಲ.

ಡಿಸ್ಕುಳ್ಳ ರೆಕಾರ್ಡರುಗಳು ಅಮೆರಿಕದಲ್ಲಿ 1999ರಲ್ಲಿಯೂ ನಮ್ಮ ದೇಶದ ಡಿಶ್ ಸೇವೆಗಳಲ್ಲಿ 2008ರ ಹೊತ್ತಿಗೂ ಬಂದುವು. ಇವು ತೊಡಕಿಗೆ ಮತ್ತೊಂದು ಗಂಟು ಹಾಕಿದುವು. ಒಂದನ್ನು ನೋಡುತ್ತ ಇನ್ನೊಂದನ್ನು ಮುದ್ರಿಸಬೇಕಾದರೆ ಯಂತ್ರಕ್ಕೆ ಸಾಮಾನ್ಯವಾಗಿ ಡಿಶ್ಶಿನಿಂದ ಎರಡು ತಂತಿಗಳು ಬರಬೇಕು. ಒಂದು ತಂತಿ ಕೆಟ್ಟರೆ ನೋಡುವುದೆಲ್ಲ ಸರಿಯಾಗಿದ್ದು ಮುದ್ರಿಸಿದುದು ಮಾತ್ರ ಬರಿದಾಗಿರಬಹುದು; ಆಗ ರೆಕಾರ್ಡರನ್ನು ಬೈಯುತ್ತಾರೆ. ಇನ್ನು ಡಿಸ್ಕು ಬಿಡುವಿಲ್ಲದೆ ಬರೆಯುತ್ತಿರುತ್ತದೆ. ಹಳ್ಳಿಯ ವಿದ್ಯುತ್ತು ಹೇಳದೆ ಹೋದಾಗ ಅರ್ಧ ಬರೆದ ಪುಟದಂತೆ ಅದರ ಅನುಕ್ರಮಣಿಕೆ ಕೆಡುತ್ತದೆ. (1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ಜಿಲ್ಲೆಯಿದು ಎಂಬುದನ್ನು ಕತ್ತಲೆಯಲ್ಲಿ ಕುಳಿತು ನೆನೆಯುವವರು ಇಲ್ಲಿ ಬಹಳ.)

ಎಲ್ಲಕ್ಕಿಂತ ಗಂಭೀರವಾದುದು ಮುದ್ರಿಕೆಯ ಒಡೆತನ. ಹಣ ಕಟ್ಟಿ ನೋಡುವ ಸೇವೆಗಳ ರೆಕಾರ್ಡರುಗಳಲ್ಲಿ ಮುದ್ರಿಕೆಯು ಸಾಮಾನ್ಯವಾಗಿ ಗೂಢಲಿಪಿಯಲ್ಲಿದ್ದು, ಆ ಒಂದು ಡಬ್ಬಿಗೂ ಆ ಒಂದು ಕಾರ್ಡಿಗೂ ಗಂಟುಬಿದ್ದಿರುತ್ತದೆ. ಡಿಸ್ಕನ್ನು ತೆಗೆದು ಬೇರೆ ಡಬ್ಬಿಗೆ ಹಾಕಿದರೂ ಅದು ಮೌನವಾಗಿರುತ್ತದೆ. ಪ್ರಸಾರದ ಹಕ್ಕುಗಳನ್ನು ಕಾಪಾಡಲು ಇದು ಬೇಕೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಬಾಗಿಲಿಗೂ ಬೀಗಕ್ಕೂ ಬೆಂಕಿ ಬಿದ್ದಾಗ ಒಳಗಿನ ವಸ್ತುವಿಗೆ ದಾರಿಯಿಲ್ಲದಂತೆ ಮಾಡಿದ ಕಾವಲು ಇದೆಂದು ನಮ್ಮ ಅಭಿಪ್ರಾಯ. ಉಚಿತ ಸೇವೆಯ ಅನೇಕ ಡಬ್ಬಿಗಳು ಯು.ಎಸ್.ಬಿ. ಕಡ್ಡಿಗೆ ಮುದ್ರಿಸುವ ಕಡತಗಳನ್ನು ಕಂಪ್ಯೂಟರಿನಲ್ಲಿ ತೆರೆದು ನಕಲು ಮಾಡಬಹುದಾಗಿದೆ. ಅಗ್ಗದ ಡಬ್ಬಿಯು ಚರಿತ್ರೆಗೆ ಹೆಚ್ಚು ಉಪಕಾರಿಯಾದುದು ಹೀಗೆ.

ಈ ನಾಲ್ಕು ತಾಲ್ಲೂಕುಗಳ ರಿಪೇರಿ ಅಂಗಡಿಗಳಲ್ಲಿ ನಾವು ಕುಳಿತು ನೋಡಿದಾಗ, ಅನುಭವಸ್ಥರೆಲ್ಲರೂ ಒಂದು ಕ್ರಮವನ್ನು ಅನುಸರಿಸುತ್ತಿದ್ದುದು ಕಂಡುಬಂದಿತು. ಅದನ್ನು ಯಾರೂ ಬರೆದಿಟ್ಟಿಲ್ಲವಾದುದರಿಂದ ಇಲ್ಲಿ ದಾಖಲಿಸುತ್ತೇವೆ. ಮೊದಲು ಹಳೆಯ ಮುದ್ರಿಕೆಯೊಂದನ್ನು ಓಡಿಸಿ ನೋಡುವರು. ಅದು ಸರಾಗವಾಗಿ ಓಡಿದರೆ ಡಿಸ್ಕೂ ತಂತ್ರಾಂಶವೂ ಬಹುಮಟ್ಟಿಗೆ ಆರೋಗ್ಯವಾಗಿವೆ. ದೋಷವನ್ನು ತಂತಿಯ ಕಡೆ ಹುಡುಕತಕ್ಕದ್ದು. ಅದೂ ತಡವರಿಸಿದರೆ ತಂತಿಯನ್ನು ಡಬ್ಬಿಯಿಂದ ಪೂರ್ತಿ ಕಳಚಿ ಮತ್ತೆ ಹೊತ್ತಿಸುವರು. ಆಗ ಡಬ್ಬಿ ಸ್ಥಿರವಾಗಿ ನಿಂತರೆ ತಂತಿಯಲ್ಲಿಯೇ ಹೊರೆಯಿದೆ, ಆಗಲೂ ನಿಲ್ಲದಿದ್ದರೆ ಮಾತ್ರ ಡಬ್ಬಿಯ ಮೇಲೆ ಸಂಶಯ. ಬಳಿಕ ಪರದೆಯ ಮೇಲಿನ ಎರಡು ಪಟ್ಟಿಗಳನ್ನು ನೋಡುವರು: ಒಂದು ಸಿಗ್ನಲ್ಲಿನ ಬಲ, ಇನ್ನೊಂದು ಅದರ ಗುಣ. ಹೊಸಬರು ಬಲದ ಪಟ್ಟಿಯನ್ನು ನಂಬಿ ಮೋಸಹೋಗುತ್ತಾರೆ. ಎಲ್.ಎನ್.ಬಿ.ಯ ಗದ್ದಲವೂ ಬಲವೆಂದೇ ಎಣಿಸಲ್ಪಡುವುದರಿಂದ, ಡಿಶ್ಶು ಖಾಲಿ ಆಕಾಶವನ್ನು ನೋಡುತ್ತಿದ್ದರೂ ಆ ಪಟ್ಟಿ ತುಂಬಿರಬಹುದು. ಗುಣದ ಪಟ್ಟಿಯೊಂದೇ ಸಾಕ್ಷಿ. ಅನಂತರ ಜೋಡಣೆಗಳು, ಅನಂತರ ದಿಕ್ಕು, ಅನಂತರ ಮರುಶೋಧನೆ. ಡಿಸ್ಕನ್ನು ಅಳಿಸುವುದು ಎಲ್ಲಕ್ಕೂ ಕೊನೆಯದು, ಅದಕ್ಕೆ ಮುಂಚೆ ಮನೆಯವರನ್ನು “ಇದ್ರಲ್ಲಿ ಬೇಕಾದ್ದು ಏನಾದ್ರೂ ಇದ್ಯಾ?” ಎಂದು ಕೇಳುವುದುಂಟು. ದೂರವಾಣಿಯ ಆಚೆ ಬದಿಯಲ್ಲಿ ಕುಳಿತವರಿಗೆ ಈ ಕ್ರಮ ತಿಳಿಯದೆಂದಲ್ಲ. ಅವರು ಮಾಳಿಗೆ ಹತ್ತಲಾರರು. ಅವರ ಕೈಗೆ ಎಟಕುವುದು ಗುಂಡಿಗಳು ಮಾತ್ರ. ಆದುದರಿಂದ ಕೊನೆಯ ಮದ್ದು ಮೊದಲು ಬಂದಿತು.

ನಾವು ಹಳೆಯದನ್ನು ಕೊಂಡಾಡುವವರಲ್ಲ. ಚುಕ್ಕೆಗಳ ಮಳೆಯಲ್ಲಿ ಅರ್ಧ ಮುಖವನ್ನು ನೋಡಿದ ಕಾಲಕ್ಕಿಂತ ಇಂದಿನ ತೋಟದ ಮನೆಯ ಚಿತ್ರವು ಸಾವಿರ ಪಾಲು ಮೇಲು. ಭೂಪ್ರಸಾರದ ಹಳೆಯ ಅನಲಾಗ್ ಕೇಂದ್ರಗಳನ್ನು ಪ್ರಸಾರ ಭಾರತಿಯು ಗಡಿಭಾಗದ ಕೆಲವನ್ನುಳಿದು 2022ರ ಹೊತ್ತಿಗೆ ಮುಚ್ಚಿತು. ಮಾಳಿಗೆಗಳಲ್ಲಿ ಉಳಿದ ಅಲ್ಯೂಮಿನಿಯಂ ಕಡ್ಡಿಗಳಿಗೆ ಈಗ ನೋಡಲು ಏನೂ ಇಲ್ಲ. ರೆಕಾರ್ಡರುಗಳೂ ಅಂತರಜಾಲದ ಮುಂದೆ ಹಿಂದೆ ಸರಿಯುತ್ತಿವೆ. ಅಟ್ಟ ಸೇರುತ್ತಿರುವ ಆ ಡಬ್ಬಿಗಳ ಡಿಸ್ಕುಗಳಲ್ಲಿ ಯಾವ ಯಾವ ಊರಿನ ಯಾವ ಜಾತ್ರೆ, ಯಾವ ಮೇಳ, ಯಾರ ಮುಖ ಉಳಿದಿದೆಯೆಂಬುದನ್ನು ಕಾರ್ಡು ಇನ್ನೂ ಜೀವಂತವಾಗಿರುವಾಗಲೇ ಓಡಿಸಿ ನೋಡಬೇಕಾಗಿದೆ. ಡಬ್ಬಿ ತಾನೇ ತೋರಿಸುತ್ತಿರುವಾಗ ಪರದೆಯನ್ನು ಇನ್ನೊಂದು ಕ್ಯಾಮೆರಾದಿಂದ ಹಿಡಿದುಕೊಳ್ಳುವುದು ಒರಟಾದ ಉಪಾಯವಾದರೂ ಸ್ವಂತ ಮನೆಯ ನೆನಪಿಗೆ ಸಾಕಾದೀತು.

ಮೇಷ್ಟರ ಮನೆಯ ಅಟ್ಟದಲ್ಲಿ ನಾವು ಹುಡುಕಿದಾಗ 1990ರ ದಶಕದ ಮದುವೆಯ ಕ್ಯಾಸೆಟ್ಟೊಂದು ಸಿಕ್ಕಿತು. ಬಿಳಿಯ ಬೂಷ್ಟು ಹಿಡಿದಿದ್ದಿತು. ಮಂಡ್ಯದಲ್ಲಿ ಅದನ್ನು ಶುಚಿಮಾಡಿಸಿ ಓಡಿಸಿದೆವು. ದಿಬ್ಬಣವು ಊರ ಬಾಗಿಲಿಗೆ ಬರುವಾಗ, ವಾದ್ಯದವರ ಹಿಂದೆ, ಪೂಜೆಯ ಪಟವನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತ ಬರುವ ಒಬ್ಬರನ್ನು ಕ್ಯಾಮೆರಾ ಸುಮಾರು ನಲವತ್ತು ಸೆಕೆಂಡುಗಳ ಕಾಲ ಹಿಂಬಾಲಿಸುತ್ತದೆ. ಚಿತ್ರದ ಕೆಳಗಿನ ಅಂಚು ಹರಿದಿದೆ, ಬಣ್ಣ ಮಾಸಿದೆ, ಪಾದಗಳು ಕಾಣುವುದಿಲ್ಲ. ಮೇಷ್ಟರು ಅದನ್ನು ಮೂರು ಸಲ ಹಿಂದಕ್ಕೆ ಸುತ್ತಿಸಿ ನೋಡಿದರು. ಅದರ ಎರಡು ಪ್ರತಿಗಳನ್ನು ಮಾಡಿಸಲಾಗಿದೆ. ಒಂದು ಅವರಲ್ಲಿದೆ, ಇನ್ನೊಂದು ನಮ್ಮ ವಿಭಾಗದಲ್ಲಿದೆ.